ಮಕ್ಕಳ ಮನಸ್ಸಿಗೆ ಮೇಷ್ಟ್ರು ಸಾಕಾ, ಹೊರಗಿನವರು ಬೇಕಾ?

ಸೀಮೆಸುಣ್ಣ
ನಾನು ಹೈಸ್ಕೂಲು ಮೇಷ್ಟ್ರು. ನಮ್ಮ ಶಾಲೆ ಒಂದು ಸ್ವಯಂಸೇವಾ ಸಂಸ್ಥೆಯ ಜೊತೆ ಒಪ್ಪಂದಕ್ಕೆ ಹೊರಟಿದೆ. ಅವರ ಕಡೆಯಿಂದ ವಾರಕ್ಕೆ ಎರಡು ದಿನ ಒಬ್ಬ ಕೌನ್ಸೆಲರ್ ಬರುತ್ತಾರೆ. ಒಂಟಿಯಾಗಿರುವ ಕೆಲವು ಮಕ್ಕಳಿಗೆ ಒಬ್ಬೊಬ್ಬ ಮೆಂಟರ್ ಕೊಡುತ್ತಾರೆ. ಶಿಕ್ಷಕರಿಗೆ ಒಂದು ದಿನದ ತರಬೇತಿ. ಹೆಡ್‌ಮಾಸ್ಟರ್ ಕೋಣೆ ಪಕ್ಕದ ಸ್ಟೋರ್ ರೂಮ್ ಖಾಲಿ ಮಾಡಿಸಿ, ಬಾಗಿಲಿಗೆ ಗಾಜು ಹಾಕಿಸಿ, ಅದನ್ನೇ ಕೌನ್ಸೆಲಿಂಗ್ ಕೋಣೆ ಮಾಡುತ್ತಾರಂತೆ. ಮುಂದಿನ ಸಭೆಯಲ್ಲಿ ತೀರ್ಮಾನ.

ನನಗೆ ಇದು ಅರ್ಧ ಇಷ್ಟ, ಅರ್ಧ ಕಷ್ಟ. ಮಗುವಿಗೆ ಬೇಕಾಗಿರುವುದು ತನ್ನನ್ನು ಚೆನ್ನಾಗಿ ಬಲ್ಲ ಒಬ್ಬ ದೊಡ್ಡವರು. ಅವರು ಶಾಲೆಯಲ್ಲೇ ಇದ್ದಾರೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಹೈಸ್ಕೂಲು ಮಕ್ಕಳನ್ನು ಕೇಳಿತ್ತು. ಶಾಲೆಯಲ್ಲಿ ತನಗೆ ಹತ್ತಿರದವರು ಇದ್ದಾರೆ ಎಂದ ಮಕ್ಕಳಲ್ಲಿ ಸುಮಾರು ಶೇ 35 ಮಂದಿಗೆ ಬಿಡದೆ ಕಾಡುವ ಬೇಸರ ಇತ್ತು. ಯಾರೂ ಇಲ್ಲ ಎಂದವರಲ್ಲಿ ಅದು ಶೇ 53. ಹಾಗಿದ್ದಾಗ ಹೊರಗಿನವರನ್ನು ಕರೆಯುವ ಮೊದಲು ಇರುವ ಮೇಷ್ಟ್ರುಗಳಿಗೆ ಸ್ವಲ್ಪ ಸಮಯ ಕೊಟ್ಟರೆ ಸಾಲದೇ? ನೀವೇನು ಹೇಳುತ್ತೀರಿ?

ಅಂಕಿಅಂಶ
"ಹತ್ತಿರದವರು ಇದ್ದಾರೆ ಎಂದ ಮಕ್ಕಳಲ್ಲಿ." ಇಲ್ಲೇ ಎಡವಿದ್ದೀರಿ. ಬೇಸರದಲ್ಲಿರುವ ಮಗುವಿಗೆ ಯಾರೂ ಹತ್ತಿರ ಅನ್ನಿಸುವುದಿಲ್ಲ. ಯಾವುದು ಕಾರಣ, ಯಾವುದು ಫಲ ಅಂತ ಒಂದು ಸಮೀಕ್ಷೆ ಹೇಳಲಾರದು.

ನಿಜವಾದ ಪರೀಕ್ಷೆ ಬೇಕೆಂದರೆ ಯುರೋಪಿನ ಸೇಲೆ ಅಧ್ಯಯನ ನೋಡಿ. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 10 ದೇಶ, 168 ಶಾಲೆ, 11,000ಕ್ಕೂ ಜಾಸ್ತಿ ಮಕ್ಕಳು. ಒಂದು ಗುಂಪಿನ ಶಾಲೆಗಳಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅಪಾಯದ ಲಕ್ಷಣ ಗುರುತಿಸಿ, ಮಾತಾಡಿಸಿ, ಸಹಾಯಕ್ಕೆ ಕಳಿಸುವ ತರಬೇತಿ. ಇನ್ನೊಂದು ಗುಂಪಿನಲ್ಲಿ ಹೊರಗಿನಿಂದ ಬಂದವರು ನೇರವಾಗಿ ಮಕ್ಕಳ ಜೊತೆ ಕೂತರು. ಚರ್ಚೆ, ಪಾತ್ರಾಭಿನಯ ಇತ್ಯಾದಿ. ವರ್ಷದ ನಂತರ ಮಕ್ಕಳ ಗುಂಪಿನಲ್ಲಿ ಆತ್ಮಹತ್ಯೆಯ ಪ್ರಯತ್ನ, ಹೋಲಿಕೆಗೆಂದು ಇಟ್ಟಿದ್ದ ಶಾಲೆಗಳ ಅರ್ಧಕ್ಕಿಂತ ಕಡಿಮೆ. ಶಿಕ್ಷಕರ ತರಬೇತಿಯಿಂದ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಮೇಷ್ಟ್ರು ಇದಕ್ಕೆ ಉತ್ತರ ಅಲ್ಲ. ಅಷ್ಟೇ.

ಲೆಕ್ಕದಮೇಡಂ
"ಮೇಷ್ಟ್ರು ಇದಕ್ಕೆ ಉತ್ತರ ಅಲ್ಲ, ಅಷ್ಟೇ." ಎಷ್ಟು ಸಲೀಸಾಗಿ ಬರೆದುಬಿಟ್ಟಿರಿ! ಕೆಲವು ಗಂಟೆಯ ತರಬೇತಿ ಕೊಟ್ಟು, ಲಕ್ಷಣ ಹುಡುಕಿ ಅಂತ ಕಳಿಸಿದರೆ ಅದು ಸಂಬಂಧವಾ? ಅದು ಕಾವಲು. ಪರೀಕ್ಷೆ ಮಾಡಿದ್ದೇ ಬೇರೆ, ನೀವು ಫೇಲ್ ಮಾಡುತ್ತಿರುವುದೇ ಬೇರೆ.

ಇನ್ನೊಂದು ಪ್ರಶ್ನೆ. ಅದೇ ಅಧ್ಯಯನದಲ್ಲಿ ಮೂರನೇ ಗುಂಪೂ ಇತ್ತಲ್ಲ? ತಜ್ಞರು ಮಕ್ಕಳನ್ನು ಸೋಸಿ, ಅಪಾಯ ಕಂಡವರನ್ನು ಚಿಕಿತ್ಸೆಗೆ ಕಳಿಸುವ ಗುಂಪು. ಅದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಅದನ್ನು ಯಾಕೆ ಬಿಟ್ಟಿರಿ? ಮೇಷ್ಟ್ರು ಫೇಲ್ ಆದದ್ದು ಮಾತ್ರ ನೆನಪಿರುತ್ತದೆ, ಅಲ್ವಾ?

ಅಂಕಿಅಂಶ
ಬಿಟ್ಟಿದ್ದಲ್ಲ. ಇಲ್ಲಿನ ಪ್ರಶ್ನೆ ಮೇಷ್ಟ್ರದ್ದು.

ಲೆಕ್ಕದಮೇಡಂ
ಇಲ್ಲಿನ ಪ್ರಶ್ನೆ ಹೊರಗಿನವರದ್ದೂ ಹೌದು. ಶೀರ್ಷಿಕೆ ಓದಿ. ಅಂದಹಾಗೆ ಆ "ಅರ್ಧಕ್ಕಿಂತ ಕಡಿಮೆ" ಅಂದರೆ ಹೋಲಿಕೆಯ ಶಾಲೆಗಳಲ್ಲಿ ಶೇ 1.51, ಆ ಗುಂಪಿನಲ್ಲಿ ಶೇ 0.70. ಒಂದು ಕಡೆ 34 ಮಕ್ಕಳು, ಇನ್ನೊಂದು ಕಡೆ 14. ಒಂದು ಮಗು ಉಳಿದರೂ ದೊಡ್ಡದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇದರ ಮೇಲೆ ನಿಂತು ಇಡೀ ಶಿಕ್ಷಕ ಕುಲಕ್ಕೆ ತೀರ್ಪು ಕೊಡಬೇಡಿ.

ಕಿವಿಮಾತು
ನಾನು ಶಾಲೆಗಳಲ್ಲಿ ಕೌನ್ಸೆಲರ್ ಆಗಿ ಕೆಲಸ ಮಾಡುತ್ತೇನೆ. ಯುರೋಪ್ ಬಿಡಿ. ಬಿಹಾರದ ನಳಂದ ಜಿಲ್ಲೆಯ ಸೆಹರ್ ಅಧ್ಯಯನ ಇದೆ, 2018ರ ಕೊನೆಯಲ್ಲಿ ಲ್ಯಾನ್ಸೆಟ್‌ನಲ್ಲೇ ಬಂದದ್ದು. ಎಪ್ಪತ್ತಕ್ಕೂ ಹೆಚ್ಚು ಹೈಸ್ಕೂಲುಗಳು. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರು ನಡೆಸಿದರು. ಕೆಲವು ಶಾಲೆಗಳಲ್ಲಿ ಹೊರಗಿನಿಂದ ಆರಿಸಿ ತರಬೇತಿ ಕೊಟ್ಟ ಸಾಮಾನ್ಯ ಜನ ನಡೆಸಿದರು. ಅವರೇನು ದೊಡ್ಡ ಮನೋವೈದ್ಯರಲ್ಲ. ಅವರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣ ಕಡಿಮೆಯಾಯಿತು, ಒಬ್ಬರನ್ನೊಬ್ಬರು ಪೀಡಿಸುವುದೂ ಕಡಿಮೆಯಾಯಿತು. ಶಿಕ್ಷಕರು ನಡೆಸಿದ ಕಡೆ ಏನೂ ಆಗಲಿಲ್ಲ.

ಇದರಲ್ಲಿ ಶಿಕ್ಷಕರ ತಪ್ಪು ಹುಡುಕಬೇಕಿಲ್ಲ. ಅವರ ಕೈಯಲ್ಲಿ ಅಂಕ ಇದೆ. ಅಂಕ ಹಾಕುವವರ ಮುಂದೆ ಮಗು ಪೂರ್ತಿ ಬಾಯಿ ಬಿಡುವುದಿಲ್ಲ.

ಮತ್ತೆ ಸೀಮೆಸುಣ್ಣ ಅವರಿಗೆ ಒಂದು ಮಾತು. ಹೆಡ್‌ಮಾಸ್ಟರ್ ಪಕ್ಕದ ಕೋಣೆ, ಅದಕ್ಕೆ ಗಾಜಿನ ಬಾಗಿಲು. ಯಾರನ್ನೇ ಕರೆತನ್ನಿ, ಅಲ್ಲಿಗೆ ಒಂದು ಮಗುವೂ ಬರುವುದಿಲ್ಲ.

ಇಬ್ಬರಪ್ಪ
ಗಾಜು ಇದ್ದರೆ ನಿಮಗೇನು ತೊಂದರೆ? ಕೇಳಿಯೇ ಬಿಡುತ್ತೇನೆ. ಶಾಲೆಯ ಸಂಬಳ ಪಡೆಯದ, ನಾನು ಮುಖ ನೋಡದ ಒಬ್ಬ ದೊಡ್ಡವರು, ಮುಚ್ಚಿದ ಕೋಣೆಯಲ್ಲಿ, ನನ್ನ ಮಗಳ ಜೊತೆ. ಯಾವ ಅಪ್ಪ ಒಪ್ಪುತ್ತಾನೆ? ಗಾಜು ಬೇಕೇ ಬೇಕು. ಪೂರ್ತಿ ಗಾಜು.

ಕಿವಿಮಾತು
ಮುಚ್ಚಿದ ಕೋಣೆ ಬೇಕು ಅಂತ ನಾನು ಎಲ್ಲಿ ಹೇಳಿದೆ? ಅಳುತ್ತಿರುವ ಮಗು ಕಾರಿಡಾರಿನಲ್ಲಿ ಹೋಗುವ ಎಲ್ಲರ ಕಣ್ಣಿಗೂ ಬೀಳಬಾರದು ಎಂದೆ.

ಇಬ್ಬರಪ್ಪ
"ಎಲ್ಲರ ಕಣ್ಣಿಗೂ ಬೀಳಬಾರದು." ಅದೇ ತಾನೆ ಮುಚ್ಚಿದ ಕೋಣೆ?

ಕೊನೆಬೆಂಚು
ನಾನು ಶಾಲೆ ಬಿಟ್ಟು ಜಾಸ್ತಿ ಕಾಲ ಆಗಿಲ್ಲ, ಅದಕ್ಕೇ ಹೇಳುತ್ತೇನೆ. ನಮ್ಮಲ್ಲಿ ಕೌನ್ಸೆಲರ್ ಕೋಣೆ ಸ್ಟಾಫ್ ರೂಮಿಗೆ ಹೋಗುವ ದಾರಿಯಲ್ಲಿತ್ತು. ಪೂರ್ತಿ ಗಾಜು. ಬೆಳಿಗ್ಗೆ ಯಾರಾದರೂ ಒಳಗೆ ಕೂತರೆ ಮಧ್ಯಾಹ್ನದ ಹೊತ್ತಿಗೆ ಇಡೀ ಕ್ಲಾಸು "ಏನಾಯ್ತೋ ನಿಂಗೆ" ಅಂತ ಕೇಳುತ್ತಿತ್ತು. ಮೇಷ್ಟ್ರುಗಳೂ ಕೇಳುತ್ತಿದ್ದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಎರಡನೇ ಸಲ ಯಾರೂ ಹೋಗುತ್ತಿರಲಿಲ್ಲ. ಆಮೇಲೆ ಶಾಲೆಯವರು "ಕೌನ್ಸೆಲರ್ ಇಟ್ಟಿದ್ದೇವೆ, ಮಕ್ಕಳಿಗೆ ಸಮಸ್ಯೆಯೇ ಇಲ್ಲ, ಯಾರೂ ಬರುತ್ತಿಲ್ಲ" ಅಂತ ವರದಿ ಬರೆದರು.

ಹಳೇಕಾಲ
ನಮ್ಮ ಕಾಲದಲ್ಲಿ ಕೌನ್ಸೆಲರ್ರೂ ಇರಲಿಲ್ಲ, ಗಾಜೂ ಇರಲಿಲ್ಲ. ಬೆಳೆಯಲಿಲ್ಲವೇ ನಾವು? ಸುಮ್ನೆ ಮಕ್ಕಳ ತಲೆಯಲ್ಲಿ ಕಾಯಿಲೆ ತುಂಬುತ್ತಿದ್ದೀರಿ.

ಅಂಕಿಅಂಶ
ಹಳೇಕಾಲ ಅವರ ಮಾತನ್ನು ನಗಬೇಡಿ. ಬ್ರಿಟನ್ನಿನಲ್ಲಿ ಮಿರಿಯಡ್ ಅಂತ ದೊಡ್ಡ ಪ್ರಯೋಗ ಮಾಡಿದರು, 85 ಶಾಲೆ, 8,000ಕ್ಕೂ ಹೆಚ್ಚು ಮಕ್ಕಳು. ಶಿಕ್ಷಕರಿಂದಲೇ ಮಕ್ಕಳಿಗೆ ಧ್ಯಾನದ ಪಾಠ. 2022ರಲ್ಲಿ ಫಲಿತಾಂಶ ಬಂತು. ಮಾಮೂಲಿ ಪಾಠಕ್ಕಿಂತ ಏನೂ ಮೇಲಲ್ಲ. ಮನಸ್ಸಿನ ಬಗ್ಗೆ ಎಡೆಬಿಡದೆ ಮಾತಾಡಿದರೆ ಸಣ್ಣಪುಟ್ಟ ಬೇಸರವನ್ನೂ ಕಾಯಿಲೆ ಎಂದು ಓದಿಕೊಳ್ಳುವ ಅಪಾಯ ಇದೆ ಅಂತ ಲೂಸಿ ಫೋಕ್ಸ್, ಜ್ಯಾಕ್ ಆಂಡ್ರ್ಯೂಸ್ 2023ರಲ್ಲಿ ವಾದಿಸಿದ್ದಾರೆ.

ಹಳೇಕಾಲ
ನೋಡಿದಿರಾ! ವಿಜ್ಞಾನವೂ ನನ್ನ ಕಡೆ.

ಕಿವಿಮಾತು
ಎಲ್ಲ ಮಕ್ಕಳಿಗೂ ಒಂದೇ ಪಾಠ ಮಾಡುವುದು ಬೇರೆ. ಕಷ್ಟದಲ್ಲಿರುವ ಒಂದು ಮಗುವಿನ ಜೊತೆ ಕೂತು ಮಾತಾಡುವುದು ಬೇರೆ. ಮಿರಿಯಡ್ ಮೊದಲನೆಯದನ್ನು ಪರೀಕ್ಷಿಸಿತು. ನಾವು ಇಲ್ಲಿ ಎರಡನೆಯದರ ಬಗ್ಗೆ ಮಾತಾಡುತ್ತಿದ್ದೇವೆ. ಮತ್ತೆ "ಬೆಳೆಯಲಿಲ್ಲವೇ ನಾವು" ಎನ್ನುವವರು ಬೆಳೆದವರು ಮಾತ್ರ ಸ್ವಾಮಿ. ಬೆಳೆಯದೆ ಹೋದವರು ಇಲ್ಲಿ ಬಂದು ಕಮೆಂಟ್ ಹಾಕುವುದಿಲ್ಲ. ಮಾನಸಿಕ ಕಾಯಿಲೆಗಳಲ್ಲಿ ಅರ್ಧ 14 ವರ್ಷದ ಒಳಗೇ ಶುರುವಾಗುತ್ತವೆ.

ಅಂಕಿಅಂಶ
"ಅರ್ಧ 14ರ ಒಳಗೆ" ಎನ್ನುವುದು 2005ರ ಅಮೆರಿಕದ ಲೆಕ್ಕ. ಆಮೇಲೆ 192 ಅಧ್ಯಯನ, 7 ಲಕ್ಷಕ್ಕೂ ಹೆಚ್ಚು ಜನರನ್ನು ಒಟ್ಟು ಹಾಕಿ ನೋಡಿದ ವಿಮರ್ಶೆ ಬಂದಿದೆ. ಅದರ ಪ್ರಕಾರ 14ರ ಒಳಗೆ ಶೇ 35ರಷ್ಟು. ಅರ್ಧ ಮುಟ್ಟುವುದು 18ರ ಹೊತ್ತಿಗೆ.

ಕಿವಿಮಾತು
ಸರಿ, 18 ಅನ್ನಿ. ಆಗಲೂ ಮಗು ಶಾಲೆಯಲ್ಲೇ ಇರುತ್ತದೆ. ನನ್ನ ವಾದಕ್ಕೆ ಏನು ನಷ್ಟ?

ಇಬ್ಬರಪ್ಪ
ಎಲ್ಲರೂ ಲೆಕ್ಕದಲ್ಲಿ ಮುಳುಗಿದ್ದೀರಿ. ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಗಾಜು ಬೇಡ ಎನ್ನುವವರು, ಮಗುವಿಗೆ ಒಳಗೆ ಏನಾದರೂ ಆದರೆ ಯಾರು ಹೊಣೆ ಅಂತ ಹೇಳಿ.

ಕಿವಿಮಾತು
ಗಾಜು ಬೇಡ ಅಂತ ಯಾರೂ ಹೇಳಿಲ್ಲ! ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಬಾಗಿಲಿಗೆ ಬೀಗ ಹಾಕಬಾರದು. ಗಾಜು ದೊಡ್ಡವರ ಮುಖದ ಎತ್ತರಕ್ಕೆ ಒಂದು ಸಣ್ಣ ಕಿಂಡಿಯಷ್ಟಿದ್ದರೆ ಸಾಕು. ಹೊರಗಿನಿಂದ ನೋಡಿದರೆ ಕೌನ್ಸೆಲರ್ ಪೂರ್ತಿ ಕಾಣಬೇಕು. ಮಗುವಿನ ಕುರ್ಚಿ ಗೋಡೆಯ ಕಡೆ, ಮುಖ ಕಾಣದ ಹಾಗೆ. ಯಾರು ಯಾವ ಹೊತ್ತಿಗೆ ಒಳಗಿದ್ದಾರೆ ಅಂತ ಶಾಲೆಯ ಒಬ್ಬ ಜವಾಬ್ದಾರಿಯುತರಿಗೆ ಗೊತ್ತಿರಬೇಕು. ಹೀಗೆ ಮಾಡಿದರೆ ನಿಮ್ಮ ಭಯಕ್ಕೂ ಉತ್ತರ ಸಿಕ್ಕಿತು, ಮಗುವಿನ ಮಾನವೂ ಉಳಿಯಿತು.

ಇಬ್ಬರಪ್ಪ
"ಮುಖ ಕಾಣದ ಹಾಗೆ." ಮಗುವಿನ ಮುಖ ಕಾಣದಿದ್ದರೆ ಅದು ಹೆದರಿದೆಯೋ ಇಲ್ಲವೋ ಹೇಗೆ ತಿಳಿಯಬೇಕು?

ಲೆಕ್ಕದಮೇಡಂ
ನಾನು ಇದರಲ್ಲಿ ಇಬ್ಬರಪ್ಪನವರ ಕಡೆ. ತರಗತಿಯಲ್ಲಿ ನಾನು ಮಗುವಿನ ಜೊತೆ ಮಾತಾಡುವುದು ಬಾಗಿಲು ತೆರೆದಿಟ್ಟೇ. ಕಾರಿಡಾರಿನಲ್ಲಿ ನಡೆಯುತ್ತಾ ಮಾತಾಡುತ್ತೇನೆ. ಆಟದ ಮೈದಾನದ ಅಂಚಿನಲ್ಲಿ ಮಾತಾಡುತ್ತೇನೆ. ಯಾರಿಗೂ ಅನುಮಾನ ಇಲ್ಲ, ಯಾರಿಗೂ ನಾಚಿಕೆ ಇಲ್ಲ. ಕೋಣೆಯೇ ಬೇಡ. ಕೋಣೆ ಬೇಕಾಗಿರುವುದು ಹೊರಗಿನವರಿಗೆ, ಯಾಕೆಂದರೆ ಅವರಿಗೆ ಮಗು ಬೇರೆ ಎಲ್ಲೂ ಸಿಗುವುದಿಲ್ಲ.

ಕೊನೆಬೆಂಚು
ಮೇಡಂ, ಕಾರಿಡಾರಿನಲ್ಲಿ ನಡೆಯುತ್ತಾ ಮೇಷ್ಟ್ರು ಮಾತಾಡಿಸಿದರೆ ಹಿಂದೆ ಬರುವ ಹತ್ತು ಜನಕ್ಕೂ ಕೇಳುತ್ತದೆ. "ನಾಚಿಕೆ ಇಲ್ಲ" ಎನ್ನುವುದು ನಿಮಗೆ.

ಲೆಕ್ಕದಮೇಡಂ
ನಿಮಗೆ ಸಿಕ್ಕ ಮೇಷ್ಟ್ರು ಹಾಗಿದ್ದರೆ ನಾನೇನು ಮಾಡಲಿ?

ಕೊನೆಬೆಂಚು
ಅದೇ ಅಲ್ವಾ ವಿಷಯ? ಮಗುವಿಗೆ ಯಾವ ಮೇಷ್ಟ್ರು ಸಿಗುತ್ತಾರೆ ಎನ್ನುವುದು ಅದೃಷ್ಟ. ಅದನ್ನೇ ವ್ಯವಸ್ಥೆ ಅಂತ ಕರೆಯಬೇಡಿ.

ಸೀಮೆಸುಣ್ಣ
ಗಾಜಿನ ವಿಷಯ ನಾನು ಸುಮ್ನೆ ಪ್ರಸ್ತಾಪಿಸಿದ್ದು. ದಯವಿಟ್ಟು ಮುಖ್ಯ ಪ್ರಶ್ನೆಗೆ ಬನ್ನಿ. ಒಪ್ಪಂದ ಬೇಕೋ ಬೇಡವೋ?

ಇಬ್ಬರಪ್ಪ
ನಿಮಗೆ ಸುಮ್ನೆ ಇರಬಹುದು. ನಮಗೆ ಅದೇ ಮುಖ್ಯ.

ಕಿವಿಮಾತು
ಕೋಣೆ ಎಲ್ಲಿದೆ ಎನ್ನುವುದೇ ಅರ್ಧ ಉತ್ತರ, ಸೀಮೆಸುಣ್ಣ ಅವರೇ. ಅದಕ್ಕೇ ಬಿಡುತ್ತಿಲ್ಲ. ಲೈಬ್ರರಿ ಪಕ್ಕ ಕೊಡಿಸಿ. ಅದೇ ಕೋಣೆಯಲ್ಲಿ ಮುಂದಿನ ಓದಿನ ಮಾಹಿತಿ, ಸ್ಕಾಲರ್‌ಶಿಪ್ ಅರ್ಜಿ, ಕ್ಲಬ್ಬಿನ ನೋಂದಣಿ ಎಲ್ಲ ನಡೆಯಲಿ. ವರ್ಷದ ಶುರುವಿನಲ್ಲಿ ಪ್ರತಿ ಮಗುವನ್ನೂ ಒಮ್ಮೆ ಹತ್ತು ನಿಮಿಷ ಕರೆದು ಪರಿಚಯ ಮಾಡಿಕೊಳ್ಳಲಿ. ಎಲ್ಲರೂ ಒಮ್ಮೆ ಹೋಗಿ ಬಂದ ಕೋಣೆಗೆ ಎರಡನೇ ಸಲ ಹೋಗುವುದು ಸುಲಭ. ಅಲ್ಲಿಗೆ ಹೋದದ್ದರಿಂದ ಯಾರಿಗೂ ಏನೂ ಗೊತ್ತಾಗಬಾರದು.

ಇಬ್ಬರಪ್ಪ
"ಯಾರಿಗೂ ಏನೂ ಗೊತ್ತಾಗಬಾರದು." ಈಗ ಬಾಯಿಗೆ ಬಂತು ನೋಡಿ ನಿಜ. ಅಪ್ಪ ಅಮ್ಮನಿಗೂ ಗೊತ್ತಾಗಬಾರದು, ಅಲ್ವಾ?

ಕಿವಿಮಾತು
ಕಾರಿಡಾರಿನಲ್ಲಿ ನಿಂತವರಿಗೆ ಎಂದೆ. ನಿಮಗೆ ಎಂದಿಲ್ಲ. ಆದರೆ ಆ ಪ್ರಶ್ನೆಯನ್ನೂ ತೆಗೆದಿರಿ, ಹೇಳಿಬಿಡುತ್ತೇನೆ. ಮೊದಲ ಭೇಟಿಯಲ್ಲೇ ನಾವು ಮಗುವಿಗೆ ಹೇಳುತ್ತೇವೆ. ನೀನು ಹೇಳಿದ್ದು ಇಲ್ಲೇ ಇರುತ್ತದೆ, ಆದರೆ ಮೂರು ವಿಷಯ ಹೊರಗೆ ಹೋಗುತ್ತವೆ. ನಿನ್ನ ಜೀವಕ್ಕೆ ನಿನ್ನಿಂದ ಅಪಾಯ, ಬೇರೆಯವರಿಗೆ ನಿನ್ನಿಂದ ಅಪಾಯ, ನಿನ್ನ ಮೇಲೆ ಯಾರಾದರೂ ದೌರ್ಜನ್ಯ ಮಾಡುತ್ತಿರುವುದು. ಅದನ್ನು ಯಾರಿಗೆ ಹೇಳುತ್ತೇವೆ ಅಂತಲೂ ಮೊದಲೇ ತಿಳಿಸುತ್ತೇವೆ. ಉಳಿದದ್ದು, ಗೆಳತಿ ಮಾತು ಬಿಟ್ಟದ್ದು, ಅಂಕದ ಭಯ, ಮನೆಯಲ್ಲಿ ಜಗಳ, ಇವೆಲ್ಲ ಮಗುವೇ ಹೇಳಲು ಸಿದ್ಧವಾಗುವವರೆಗೆ ಕಾಯುತ್ತೇವೆ. ಬಹಳ ಸಲ ಅಪ್ಪ ಅಮ್ಮನ ಜೊತೆ ಮಾತಾಡುವ ಧೈರ್ಯ ಬರಿಸುವುದೇ ನಮ್ಮ ಕೆಲಸ.

ಇಬ್ಬರಪ್ಪ
"ಮನೆಯಲ್ಲಿ ಜಗಳ." ನಮ್ಮ ಮನೆಯ ಜಗಳ ಹೊರಗಿನವರ ಫೈಲಿನಲ್ಲಿ! ಇದಕ್ಕೆ ನಾನು ಸಹಿ ಹಾಕಬೇಕಂತೆ.

ಲೆಕ್ಕದಮೇಡಂ
ಫೈಲಿನ ಪ್ರಶ್ನೆ ಒಳ್ಳೆಯದು. ಆ ಫೈಲು ಎಲ್ಲಿರುತ್ತದೆ? ಶಾಲೆಯ ಬೀರುವಿನಲ್ಲೋ, ಸಂಸ್ಥೆಯ ಕಚೇರಿಯಲ್ಲೋ? ಒಪ್ಪಂದ ಮುಗಿದ ಮೇಲೆ ಯಾರ ಪಾಲು? ಇದಕ್ಕೆ ಯಾವ ಸಂಸ್ಥೆಯವರೂ ನನಗೆ ನೇರ ಉತ್ತರ ಕೊಟ್ಟಿಲ್ಲ.

ಕಿವಿಮಾತು
ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಬರೆಸದೆ ಸಹಿ ಹಾಕಿದರೆ ತಪ್ಪು ಶಾಲೆಯದ್ದು.

ಹಳೇಕಾಲ
ನನ್ನದೊಂದು ಪ್ರಶ್ನೆ. ಜೀವದ ವಿಷಯ ಅಂದಿರಲ್ಲ. ಮಕ್ಕಳ ಹತ್ತಿರ ಅಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲವೇ?

ಅಂಕಿಅಂಶ
ಇಲ್ಲ. 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳಲ್ಲಿ 2,342 ಮಕ್ಕಳ ಮೇಲೆ ನೇರವಾಗಿ ಪರೀಕ್ಷಿಸಿದ್ದಾರೆ. ಅರ್ಧ ಮಕ್ಕಳಿಗೆ ಆತ್ಮಹತ್ಯೆಯ ಪ್ರಶ್ನೆ ಕೇಳಿದರು, ಉಳಿದವರಿಗೆ ಕೇಳಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಪ್ರಶ್ನೆ ಕೇಳಿದವರಲ್ಲಿ ಸಂಕಟವಾಗಲೀ ಅಂಥ ಯೋಚನೆಯಾಗಲೀ ಹೆಚ್ಚಿರಲಿಲ್ಲ. ಮೊದಲೇ ಕಷ್ಟದಲ್ಲಿದ್ದ ಮಕ್ಕಳಿಗೆ ಸ್ವಲ್ಪ ಹಗುರವೂ ಆಗಿತ್ತು.

ಇಬ್ಬರಪ್ಪ
"ಎರಡು ದಿನ." ಎರಡು ತಿಂಗಳು ಬಿಟ್ಟು ನೋಡಿದರೇ?

ಅಂಕಿಅಂಶ
ಕೇಳದೆ ಬಿಟ್ಟರೆ ಎರಡು ತಿಂಗಳಲ್ಲಿ ಏನಾಗಬಹುದು ಅಂತಲೂ ಯೋಚಿಸಿ. ಒಂದು ಅಧ್ಯಯನ ಕೊಟ್ಟರೆ ಇನ್ನೊಂದು ಕೇಳುತ್ತೀರಿ. ನೀವು ಒಂದನ್ನೂ ಕೊಡುವುದಿಲ್ಲ.

ಲೆಕ್ಕದಮೇಡಂ
ಅಂಕಿಅಂಶ ಅವರೇ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಿ ಪರವಾಗಿಲ್ಲ. ನೀವು ಯಾವತ್ತಾದರೂ ತರಗತಿಯ ಮುಂದೆ ನಿಂತಿದ್ದೀರಾ? ಬೆಳಿಗ್ಗೆ ಹಾಜರಿ ಕೂಗುವಾಗ "ಪ್ರೆಸೆಂಟ್" ಎನ್ನುವ ದನಿಯಲ್ಲೇ ಇವತ್ತು ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ. ಅದನ್ನು ಯಾವ ಲ್ಯಾನ್ಸೆಟ್ಟೂ ಅಳೆಯಲಾರದು. ಮನೆಯಲ್ಲಿ ಕೂತು ಶೇಕಡಾ ಬರೆಯುವುದು ಸುಲಭ.

ಅಂಕಿಅಂಶ
ಓಹ್, ದನಿ ಕೇಳಿ ಗೊತ್ತಾಗುತ್ತದೆ! ಎಷ್ಟು ಸಲ ಗೊತ್ತಾಗಲಿಲ್ಲ ಎನ್ನುವುದು ನಿಮಗೆ ಹೇಗೆ ಗೊತ್ತು? ಗೊತ್ತಾಗದ್ದು ಗೊತ್ತೇ ಆಗಿರುವುದಿಲ್ಲವಲ್ಲ. ಗಲಾಟೆ ಮಾಡುವ ಮಗು ನಿಮ್ಮ ಕಣ್ಣಿಗೆ ಬೀಳುತ್ತದೆ. ಸುಮ್ಮನೆ ಕೂತು ಹೋಂವರ್ಕ್ ಒಪ್ಪಿಸಿ ಒಳಗೊಳಗೇ ಕುಸಿಯುವ ಮಗುವನ್ನು "ಜಾಣ ಮಗು" ಅಂತ ಹೊಗಳಿ ಕಳಿಸುತ್ತೀರಿ.

ಲೆಕ್ಕದಮೇಡಂ
ನನ್ನ ತರಗತಿ ನೋಡದೆ ನನ್ನ ಬಗ್ಗೆ ಬರೆಯಲು ನಿಮಗೆ ಯಾವ ಹಕ್ಕು? ನಿಮ್ಮಂಥವರಿಂದಲೇ ಶಿಕ್ಷಕರಿಗೆ ಈ ಕೆಲಸವೇ ಬೇಡ ಅನ್ನಿಸುವುದು.

ನಿರ್ವಾಹಕ
ವೈಯಕ್ತಿಕ ಮಾತು ಬೇಡ. ಎರಡು ಕಮೆಂಟು ತೆಗೆದಿದ್ದೇನೆ. ಗಾಜಿನ ಚರ್ಚೆ ಬೇಕಿದ್ದರೆ ಬೇರೆ ಎಳೆ ತೆರೆಯಿರಿ.

ಇಬ್ಬರಪ್ಪ
ಬೇರೆ ಎಳೆ ಯಾಕೆ? ಇಲ್ಲೇ ಶುರುವಾದದ್ದು.

ಸೀಮೆಸುಣ್ಣ
ನಿರ್ವಾಹಕರಿಗೆ ಧನ್ಯವಾದ. ನಾನೊಂದು ವಿಷಯ ಹೇಳುತ್ತೇನೆ. ಕೆಲವು ಶಾಲೆಗಳಲ್ಲಿ ಒಂದು ಸರಳ ಅಭ್ಯಾಸ ಇದೆ. ಶಿಕ್ಷಕರ ಕೋಣೆಯ ಗೋಡೆಗೆ, ಮಕ್ಕಳು ಇಲ್ಲದ ದಿನ, ಎಲ್ಲ ಮಕ್ಕಳ ಹೆಸರೂ ಅಂಟಿಸುತ್ತಾರೆ. ಶಾಲೆಯ ಪ್ರತಿಯೊಬ್ಬ ದೊಡ್ಡವರೂ ತನಗೆ ಚೆನ್ನಾಗಿ ಪರಿಚಯ ಇರುವ, ಕಷ್ಟ ಬಂದರೆ ತನ್ನ ಹತ್ತಿರ ಬರಬಹುದಾದ ಮಗುವಿನ ಹೆಸರಿನ ಮುಂದೆ ಒಂದು ಚುಕ್ಕಿ ಇಡುತ್ತಾರೆ. ಮೇಷ್ಟ್ರು ಮಾತ್ರ ಅಲ್ಲ, ಲೈಬ್ರರಿಯವರು, ಬಸ್ ಡ್ರೈವರ್, ಆಫೀಸಿನವರು, ಗೇಟಿನ ಕಾವಲಿನವರು ಎಲ್ಲರೂ. ಕೊನೆಗೆ ನೋಡಿದರೆ ಕೆಲವರ ಮುಂದೆ ಹತ್ತು ಚುಕ್ಕಿ. ಕೆಲವರ ಮುಂದೆ ಒಂದೂ ಇಲ್ಲ. ಚುಕ್ಕಿ ಇಲ್ಲದ ಮಕ್ಕಳಿಗೆ ಒಬ್ಬೊಬ್ಬರು ಜೊತೆಯಾಗುತ್ತಾರೆ. ಮೆಂಟರ್‌ಗಳನ್ನು ಹೊರಗಿನಿಂದ ತರುವ ಮೊದಲು ಇದನ್ನು ಮಾಡೋಣ ಅಂತ ನನ್ನ ಸಲಹೆ.

ಕಿವಿಮಾತು
ಇದು ಒಳ್ಳೆಯ ಅಭ್ಯಾಸ. ಆದರೆ ಚುಕ್ಕಿ ಇಡುವವರು ದೊಡ್ಡವರು. ಮಗುವನ್ನೂ ಕೇಳಿ, "ನಿನಗೆ ಇಲ್ಲಿ ಯಾರು ಹತ್ತಿರ" ಅಂತ. ಎರಡು ಪಟ್ಟಿಯೂ ಹೊಂದುವುದಿಲ್ಲ. ಮೇಷ್ಟ್ರು ಚುಕ್ಕಿ ಇಟ್ಟ ಮಗು ಅವರ ಹೆಸರು ಹೇಳುವುದೇ ಇಲ್ಲ.

ಲೆಕ್ಕದಮೇಡಂ
"ಅವರ ಹೆಸರು ಹೇಳುವುದೇ ಇಲ್ಲ." ಮತ್ತೆ ಶುರು. ಸರಿ, ಹೊರಗಿನವರ ಬಗ್ಗೆ ಮಾತಾಡೋಣ. ನಾನೂ ಒಂದು ಅಧ್ಯಯನ ಓದಿದ್ದೇನೆ. ಅಮೆರಿಕದ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎನ್ನುವ ಮೆಂಟರ್ ಸಂಸ್ಥೆಯ ಮಕ್ಕಳನ್ನೇ ಇಟ್ಟುಕೊಂಡು ಗ್ರಾಸ್‌ಮನ್ ಮತ್ತು ರೋಡ್ಸ್ 2002ರಲ್ಲಿ ಬರೆದದ್ದು. ವರ್ಷಕ್ಕೂ ಹೆಚ್ಚು ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಒಳ್ಳೆಯದಾಯಿತು. ಮೂರು ತಿಂಗಳೊಳಗೆ ಮುರಿದ ಕಡೆ, ಮಗುವಿಗೆ ತನ್ನ ಮೇಲಿದ್ದ ಗೌರವವೇ ಮೊದಲಿಗಿಂತ ಕಡಿಮೆಯಾಯಿತು. ಅಂದರೆ ಬಂದು ಬಿಟ್ಟು ಹೋಗುವವರು ಬಾರದೇ ಇರುವುದೇ ವಾಸಿ. ಸ್ವಯಂಸೇವಕರು ಫೋಟೋ ತೆಗೆಸಿಕೊಳ್ಳುವ ದಿನ ಇರುತ್ತಾರೆ. ಆಮೇಲೆ ಕೆಲಸ ಸಿಕ್ಕಿತು, ಊರು ಬದಲಾಯಿತು. ಮಗುವಿಗೆ ವಿವರಿಸಬೇಕಾದವಳು ನಾನು.

ಅಂಕಿಅಂಶ
ಮೇಡಂ ಅಧ್ಯಯನ ತಂದರು ಎನ್ನುವುದೇ ಇವತ್ತಿನ ಸುದ್ದಿ. ಆದರೆ ಬೇಗ ಮುರಿದ ಜೋಡಿಗಳಲ್ಲಿ ಮೊದಲಿಂದಲೂ ಹೆಚ್ಚು ಕಷ್ಟದಲ್ಲಿದ್ದ ಮಕ್ಕಳು ಜಾಸ್ತಿ ಇರಬಹುದಲ್ಲ? ಸಿಡಿಸಿ ಅಂಕಿಗೆ ನಾನು ಎತ್ತಿದ್ದ ಆಕ್ಷೇಪವೇ ಇದಕ್ಕೂ ಸಲ್ಲುತ್ತದೆ.

ಲೆಕ್ಕದಮೇಡಂ
ನೀವು ತಂದರೆ ವಿಜ್ಞಾನ, ನಾನು ತಂದರೆ "ಇರಬಹುದಲ್ಲ". ಓದುಗರೇ ನೋಡಲಿ.

ಕಿವಿಮಾತು
"ಬಂದು ಬಿಟ್ಟು ಹೋಗುವವರು" ಅಂದಿರಲ್ಲ ಮೇಡಂ. ಮೇಷ್ಟ್ರುಗಳಿಗೆ ವರ್ಗಾವಣೆ ಇಲ್ಲವೇ? ವರ್ಷ ಮುಗಿದರೆ ತರಗತಿ ಬದಲಾಗುವುದಿಲ್ಲವೇ? ಮಗು ಮುಂದಿನ ತರಗತಿಗೆ ಹೋದ ಮೇಲೆ ಎಷ್ಟು ಜನ ಮೇಷ್ಟ್ರು ಹುಡುಕಿಕೊಂಡು ಹೋಗಿ ಮಾತಾಡಿಸುತ್ತಾರೆ?

ಲೆಕ್ಕದಮೇಡಂ
ನಾನು ಮಾತಾಡಿಸುತ್ತೇನೆ.

ಕಿವಿಮಾತು
ನಿಮ್ಮ ಬಗ್ಗೆ ಅಲ್ಲ.

ಲೆಕ್ಕದಮೇಡಂ
ಹಾಗೆಯೇ ಸೆಹರ್ ಬಗ್ಗೆ ನೀವು ಬಿಟ್ಟ ಮಾತು ಒಂದಿದೆ. ಅಲ್ಲಿ ಒಂದೊಂದು ಶಾಲೆಗೆ ಒಬ್ಬೊಬ್ಬರನ್ನು ಇದೇ ಕೆಲಸಕ್ಕೆ ಅಂತ ನೇಮಿಸಿದ್ದರು. ಶಿಕ್ಷಕರಿಗೆ ಪಾಠದ ಜೊತೆಗೆ ಇದನ್ನೂ ಹೊರಿಸಿದ್ದರು. ಕೈಕಟ್ಟಿ ಓಡಿಸಿದವರನ್ನು ಸೋತರು ಎಂದಿರಿ. ಸೀಮೆಸುಣ್ಣ ಅವರ ಶಾಲೆಗೆ ಬರುತ್ತಿರುವುದು ವಾರಕ್ಕೆ ಎರಡು ದಿನ ಬಂದು ಹೋಗುವವರು. ಬಿಹಾರದ ಫಲಿತಾಂಶ ಇವರಿಗೆ ಹೇಗೆ ಹೊಂದುತ್ತದೆ?

ಕಿವಿಮಾತು
ಐದು ದಿನ ಬೇಕು ಅಂತ ಸಭೆಯಲ್ಲಿ ಕೇಳಿ. ನಾನು ಅದಕ್ಕೆ ಅಡ್ಡ ಬರುವುದಿಲ್ಲ. ಅಮೆರಿಕದ ಶಾಲಾ ಕೌನ್ಸೆಲರುಗಳ ಸಂಘ 250 ಮಕ್ಕಳಿಗೆ ಒಬ್ಬರು ಇರಬೇಕು ಎನ್ನುತ್ತದೆ. ಅಲ್ಲೇ ಬಹಳಷ್ಟು ಶಾಲೆಗಳು ಅದನ್ನು ಮುಟ್ಟಿಲ್ಲ.

ಇಬ್ಬರಪ್ಪ
ಐದು ದಿನವಾದರೆ ಐದು ದಿನವೂ ಗಾಜು ಇರಬೇಕು.

ಕೊನೆಬೆಂಚು
ಸರ್, ಗಾಜು ದಿನಕ್ಕೊಂದು ಹಾಕುವುದಲ್ಲ 😄

ಇಬ್ಬರಪ್ಪ
ನಗಿ. ಮಗು ನಿಮ್ಮದಾದಾಗ ಗೊತ್ತಾಗುತ್ತದೆ.

ಕೊನೆಬೆಂಚು
ನಗು ಬಿಟ್ಟು ಕೇಳುತ್ತೇನೆ. ನಿಮ್ಮ ಮಗಳಿಗೆ ಏನಾದರೂ ಹೇಳಬೇಕು ಅನ್ನಿಸಿದರೆ ಅವಳು ಯಾರ ಹತ್ತಿರ ಹೋಗುತ್ತಾಳೆ? ನಾನು ಹೋಗಿದ್ದು ಗೆಳೆಯನ ಹತ್ತಿರ. ಅವನಿಗೂ ನನ್ನಷ್ಟೇ ವಯಸ್ಸು, ಏನು ಮಾಡಬೇಕು ಅಂತ ಅವನಿಗೂ ಗೊತ್ತಿರಲಿಲ್ಲ. ಇಲ್ಲಿ ಎಲ್ಲರೂ ಮೇಷ್ಟ್ರೋ ಕೌನ್ಸೆಲರ್ರೋ ಅಂತ ಜಗಳ ಆಡುತ್ತಿದ್ದೀರಿ. ಮಗು ಮೊದಲು ಹೇಳುವುದು ಇನ್ನೊಂದು ಮಗುವಿಗೆ. ಆ ಮಗುವಿಗೆ "ಇದನ್ನು ಗುಟ್ಟಾಗಿಡಬೇಡ, ಇಂಥವರ ಹತ್ತಿರ ಕರೆದುಕೊಂಡು ಹೋಗು" ಅಂತ ಯಾರು ಹೇಳಿಕೊಡುತ್ತಾರೆ?

ಅಂಕಿಅಂಶ
ಇದಕ್ಕೂ ಕೆಲಸ ನಡೆದಿದೆ. ಸೋರ್ಸಸ್ ಆಫ್ ಸ್ಟ್ರೆಂತ್ ಎಂಬ ಕಾರ್ಯಕ್ರಮವನ್ನು ಅಮೆರಿಕದ 18 ಹೈಸ್ಕೂಲುಗಳಲ್ಲಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಬೇರೆಬೇರೆ ಗೆಳೆಯರ ಗುಂಪುಗಳಿಂದ ಮಕ್ಕಳನ್ನೇ ಆರಿಸಿ ತರಬೇತಿ ಕೊಡುತ್ತಾರೆ. ಕಷ್ಟದಲ್ಲಿರುವ ಗೆಳೆಯರನ್ನು ದೊಡ್ಡವರ ಹತ್ತಿರ ತಲುಪಿಸುವುದು ಜಾಸ್ತಿಯಾಯಿತು. ನಾನು ಮೊದಲೇ ಹೇಳಿದ ಸೇಲೆಯಲ್ಲೂ ಕೆಲಸ ಮಾಡಿದ್ದು ಮಕ್ಕಳ ಗುಂಪೇ.

ಲೆಕ್ಕದಮೇಡಂ
"ದೊಡ್ಡವರ ಹತ್ತಿರ ತಲುಪಿಸುವುದು." ಆ ದೊಡ್ಡವರು ಯಾರು? ಕೊನೆಗೆ ಮೇಷ್ಟ್ರ ಹತ್ತಿರವೇ ಬಂದಿರಿ ನೋಡಿ.

ಅಂಕಿಅಂಶ
ದೊಡ್ಡವರು ಎಂದೆ. ಮೇಷ್ಟ್ರು ಎಂದಿಲ್ಲ.

ಹಳೇಕಾಲ
ನಮ್ಮ ಕಾಲದಲ್ಲಿ ಇದನ್ನೇ ಗೆಳೆತನ ಎನ್ನುತ್ತಿದ್ದರು. ತರಬೇತಿ ಬೇಕಿರಲಿಲ್ಲ.

ಸೀಮೆಸುಣ್ಣ
ನನಗೆ ಸಭೆಗೆ ಬೇಕಾದದ್ದು ಸ್ವಲ್ಪ ಸಿಕ್ಕಿತು. ಒಪ್ಪಂದಕ್ಕೆ ಇವನ್ನು ಸೇರಿಸಲು ಕೇಳುತ್ತೇನೆ. ಮೆಂಟರ್ ಆಗುವವರು ಕನಿಷ್ಠ ಒಂದು ಶೈಕ್ಷಣಿಕ ವರ್ಷ ಇರುತ್ತೇವೆಂದು ಬರೆದುಕೊಡಬೇಕು, ಬಿಡುವುದಾದರೆ ಮಗುವಿಗೆ ತಾವೇ ಬಂದು ಹೇಳಿ ಹೋಗಬೇಕು. ಹೊರಗಿನಿಂದ ಬರುವ ಎಲ್ಲರ ಹಿನ್ನೆಲೆ ಪರಿಶೀಲನೆ ಆಗಿರಬೇಕು. ಫೈಲು ಎಲ್ಲಿರುತ್ತದೆ, ಯಾರು ನೋಡಬಹುದು ಎಂದು ಬರೆದಿರಬೇಕು. ಯಾವ ವಿಷಯ ತಂದೆತಾಯಿಗೆ ಹೋಗುತ್ತದೆ ಎಂದು ಮಗುವಿಗೂ ಮನೆಯವರಿಗೂ ಒಂದೇ ಕಾಗದದಲ್ಲಿ ಕೊಡಬೇಕು. ಕೋಣೆ ಲೈಬ್ರರಿ ಪಕ್ಕ. ಕೌನ್ಸೆಲರ್ ಇಲ್ಲದ ದಿನ ಮತ್ತು ರಜೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಎಂದು ಒಂದು ಹೆಸರು ಇರಬೇಕು. ಆ ಹೆಸರು ತರಗತಿ ಶಿಕ್ಷಕರದ್ದು ಇರಲಿ ಅಂತ ನನ್ನ ಯೋಚನೆ.

ಇಬ್ಬರಪ್ಪ
ಬಾಗಿಲಿನ ಬಗ್ಗೆ ಒಂದು ಸಾಲೂ ಇಲ್ಲ. ಸಭೆಗೆ ನಾನೂ ಬರುತ್ತೇನೆ, ಬೇರೆ ಪೋಷಕರನ್ನೂ ಕರೆತರುತ್ತೇನೆ.

ಸೀಮೆಸುಣ್ಣ
ನೀವು ನಮ್ಮ ಶಾಲೆಯ ಪೋಷಕರೇ ಅಲ್ಲವಲ್ಲ ಸರ್.

ಲೆಕ್ಕದಮೇಡಂ
ಅದು ಬಿಡಿ. "ರಜೆಯಲ್ಲಿ ತರಗತಿ ಶಿಕ್ಷಕರದ್ದು." ಇದನ್ನು ಯಾರನ್ನು ಕೇಳಿ ಬರೆದಿರಿ? ರಜೆಯಲ್ಲಿ ನಮ್ಮ ನಂಬರು ಕೊಡುವುದಾದರೆ ಅದಕ್ಕೆ ಬದಲಿ ರಜೆ, ಓಡಾಟದ ಖರ್ಚು, ರಾತ್ರಿ ಫೋನ್ ಬಂದರೆ ನಾವು ಯಾರನ್ನು ಕರೆಯಬೇಕು, ಇವೆಲ್ಲವನ್ನೂ ಬರೆಯಿರಿ. ಇಲ್ಲದಿದ್ದರೆ ನನ್ನ ಹೆಸರು ಹಾಕಬೇಡಿ.

ಕಿವಿಮಾತು
ಮಗುವನ್ನು ಬಲ್ಲವರು ಮೇಷ್ಟ್ರೇ, ಕೋಣೆಯೇ ಬೇಡ, ಹೊರಗಿನವರೇ ಬೇಡ ಎಂದವರು ನೀವು. ಅಂದರೆ ಆ ಸಂಬಂಧಕ್ಕೂ ಬೇಸಿಗೆ ರಜೆ ಇದೆ.

ಲೆಕ್ಕದಮೇಡಂ
ಇದೆ. ನಿಮ್ಮದಕ್ಕೆ ವಾರದಲ್ಲಿ ಐದು ದಿನ ರಜೆ ಇದೆಯಲ್ಲ, ಹಾಗೆ.